ಬಿಲ್ಲೆ ಕೊಟ್ಟ ಮೇಲೆ ಬೋರ್ಡು ತೋರಿಸಿದರೆ ಹೇಗೆ?

ಸಂಪಾದಕರಿಗೆ,

ಹೋದ ತಿಂಗಳು ನೆಂಟರ ಮದುವೆಗೆಂದು ಮೈಸೂರಿಗೆ ಹೋಗಿದ್ದೆವು. ಲಾಡ್ಜಿನ ರೂಮು ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕಿತ್ತು, ನಮ್ಮ ರೈಲು ಇದ್ದದ್ದು ರಾತ್ರಿ. ಕೌಂಟರಿನ ಹುಡುಗ ‘ಇಲ್ಲೇ ಬಿಟ್ಟು ಹೋಗಿ ಸಾರ್’ ಎಂದು ಬ್ಯಾಗು ಒಳಗಿಟ್ಟು, 17 ಎಂದು ಬರೆದ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟ. ಸಂಜೆ ಬಂದರೆ ಬ್ಯಾಗಿಲ್ಲ! ಯಾರೋ ‘ಆ ನೀಲಿ ಬ್ಯಾಗು ನಮ್ಮದು’ ಅಂದರಂತೆ, ಬಿಲ್ಲೆ ಕೇಳದೆ ಎತ್ತಿ ಕೊಟ್ಟಿದ್ದಾರೆ. ಅದರಲ್ಲಿ ನಮ್ಮ ಮನೆಯವರ ಎರಡು ರೇಷ್ಮೆ ಸೀರೆ, ಅವರ ತವರಿನ ಬೆಳ್ಳಿ ಕುಂಕುಮ ಭರಣಿ, ನನ್ನ ಬಿ.ಪಿ. ಮಾತ್ರೆಗಳಿದ್ದವು. ಮ್ಯಾನೇಜರ್ ಕುರ್ಚಿ ಬಿಟ್ಟು ಏಳಲಿಲ್ಲ. ಗೋಡೆಯ ಮೇಲಿನ ಬೋರ್ಡು ತೋರಿಸಿದರು: ‘ಗ್ರಾಹಕರ ವಸ್ತುಗಳಿಗೆ ನಾವು ಜವಾಬ್ದಾರರಲ್ಲ.’

ನಾನು 31 ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವನು. ಸಹಿ ಇಲ್ಲದೆ ಯಾರದೋ ಪಾರ್ಸೆಲ್ ಇನ್ಯಾರಿಗೋ ಕೊಟ್ಟು, ಬೋರ್ಡು ತೋರಿಸಿ ಪಾರಾಗುವ ಭಾಗ್ಯ ನಮಗಂತೂ ಇರಲಿಲ್ಲ.

ಊರಿಗೆ ಬಂದ ಮೇಲೆ ಪರಿಚಯದ ವಕೀಲರು 2019ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಓದಲು ಕೊಟ್ಟರು. ಬರೆದವರು ನಮ್ಮ ಕಡೆಯವರೇ ಆದ ದಿವಂಗತ ನ್ಯಾಯಮೂರ್ತಿ ಮೋಹನ ಶಾಂತನಗೌಡರ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ಮಾರುತಿ ಝೆನ್ ಕಾರಿನ ಕೀಲಿಯನ್ನು ಪಾರ್ಕಿಂಗ್ ಸಿಬ್ಬಂದಿಗೆ ಕೊಟ್ಟು ಒಳಹೋದರು. ಹೊರಬರುವಷ್ಟರಲ್ಲಿ ಬೇರೆ ಯಾರೋ ಅದೇ ಕೀಲಿ ಎತ್ತಿಕೊಂಡು ಕಾರು ಓಡಿಸಿಕೊಂಡು ಹೋಗಿದ್ದರು. ಕಾರು ಕಳೆದರೆ ಅದರ ಮಾಲೀಕರೇ ಹೊಣೆ ಎಂದು ಪಾರ್ಕಿಂಗ್ ಚೀಟಿಯಲ್ಲಿ ಅಚ್ಚಾಗಿತ್ತು. ಕೀಲಿ ಕೈಗೆ ತೆಗೆದುಕೊಂಡ ಮೇಲೆ ಕಾರನ್ನು ಜೋಪಾನ ಮಾಡುವುದು ಹೋಟೆಲಿನವರ ಕೆಲಸ, ತಮ್ಮ ನಿರ್ಲಕ್ಷ್ಯವನ್ನು ಆ ಚೀಟಿಯಿಂದ ಮುಚ್ಚಿಕೊಳ್ಳಲಾಗದು, ತಪ್ಪಿಲ್ಲವೆಂದು ಅವರೇ ಸಾಬೀತು ಮಾಡಬೇಕು ಎಂದಿತು ಕೋರ್ಟು. ಆಧಾರ 1872ರ ಕರಾರು ಕಾಯ್ದೆ. ಕಾರಿನ ಮಾಲೀಕರಿಗೆ ವಿಮಾ ಕಂಪನಿ ಕೊಟ್ಟಿದ್ದ 2.8 ಲಕ್ಷ ರೂಪಾಯಿ ಹೋಟೆಲಿನ ತಲೆಗೆ ಬಂತು.

ಹಾಗಂತ ರೂಮಿನಲ್ಲಿ ಮರೆತುಬಂದ ಉಂಗುರಕ್ಕೂ ಅವರೇ ಹೊಣೆ ಎಂದು ಈ ತೀರ್ಪು ಹಿಡಿದು ಹೋಗುವಂತಿಲ್ಲ. ವಸ್ತು ಅವರ ವಶಕ್ಕೆ ಕೊಟ್ಟದ್ದಾಗಿರಬೇಕು. ತಪ್ಪಿರಲಿ ಬಿಡಲಿ ಹೋಟೆಲಿನವರೇ ತೆರಬೇಕೆಂಬ ಇಂಗ್ಲೆಂಡಿನ ಹಳೆಯ ನಿಯಮವನ್ನೂ ಕೋರ್ಟು ಒಪ್ಪಲಿಲ್ಲ. ಆದರೆ ನಮ್ಮ ಬ್ಯಾಗು ಅವರ ವಶದಲ್ಲೇ ಇತ್ತಲ್ಲ!

ಫೋನ್ ಮಾಡಿ ಇಷ್ಟು ಹೇಳಿದ ಮೇಲೆ ಲಾಡ್ಜಿನವರು ‘2,000 ಕೊಡುತ್ತೇವೆ, ಬಿಟ್ಟುಬಿಡಿ’ ಎಂದರು. ಬಿಡಲಿಲ್ಲ. ಗ್ರಾಹಕರ ಆಯೋಗಕ್ಕೆ ಮೈಸೂರಿಗೇ ಹೋಗಬೇಕಿಲ್ಲವಂತೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಮ್ಮ ಹಾವೇರಿಯಲ್ಲೇ ದೂರು ಕೊಡಬಹುದು. ಕೊಡುತ್ತಿದ್ದೇನೆ. 17ರ ಬಿಲ್ಲೆ ಇನ್ನೂ ನನ್ನ ಹತ್ತಿರವೇ ಇದೆ. ಅದರ ಹಿಂದೆ ಅಚ್ಚಾಗಿದೆ: ‘ಬಿಲ್ಲೆ ಕಳೆದರೆ ದಂಡ 100 ರೂಪಾಯಿ.’

– ನಿವೃತ್ತ ಅಂಚೆ ನೌಕರ, ರಾಣೆಬೆನ್ನೂರು