ರೆಕ್ಕೆಯ ತುದಿಗೆ ಕತ್ತರಿ ಬೇಡ

ಮಾನ್ಯ ಸಂಪಾದಕರೇ,

ಹಳೆಯ ಹಾರುವ ದೋಣಿಗಳ, ಅಂದರೆ ನೀರಿನ ಮೇಲಿಂದ ಏರಿ ನೀರಿನ ಮೇಲೇ ಇಳಿಯುವ ವಿಮಾನಗಳ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುವಾಗ, ಅಂಕಣದ ಅಗಲಕ್ಕೆ ಹೊಂದಿಸಲು ರೆಕ್ಕೆಯ ಎರಡೂ ತುದಿಗಳನ್ನು ಕತ್ತರಿಸುವುದುಂಟು. ಗುರುತು ಹಿಡಿಯಲು ಮೊದಲು ನೋಡಬೇಕಾದ ಜಾಗವೇ ಅದು. ಅಲ್ಲಿ ಕತ್ತರಿ ಬಿದ್ದರೆ ಅಡಿಬರಹದಲ್ಲಿ ತಪ್ಪು ಹೆಸರು ನುಸುಳುವುದು ಸುಲಭ.

ಹಾರುವ ದೋಣಿಯ ಒಡಲೇ ನೀರಿನ ಮೇಲೆ ಕೂರುತ್ತದೆ. ಒಡಲು ಕಿರಿದು, ರೆಕ್ಕೆ ಉದ್ದ, ಎಂಜಿನ್‌ಗಳ ಭಾರವೆಲ್ಲ ಮೇಲೆ. ಪಕ್ಕಕ್ಕೆ ವಾಲದಿರಲು ಆಸರೆ ಬೇಕೇ ಬೇಕು. ಅದು ಹೆಚ್ಚಾಗಿ ಎರಡು ಬಗೆ: ರೆಕ್ಕೆಯ ತುದಿಯ ಕಡೆ ಇಳಿಬಿಟ್ಟ, ನೀರಿನಲ್ಲಿ ತೇಲುವ ಚಿಕ್ಕ ಫ್ಲೋಟ್, ಇಲ್ಲವೇ ಒಡಲಿನ ಇಕ್ಕೆಲಗಳಲ್ಲಿ ನೀರಿನ ಮಟ್ಟಕ್ಕೆ ಚಾಚಿದ ಮೋಟು ರೆಕ್ಕೆಯಂಥ ಸ್ಪಾನ್ಸನ್. ಎಂಜಿನ್ ಎಣಿಸುವ ಮೊದಲು ಇದನ್ನು ನೋಡಿದರೆ ಅರ್ಧ ಕೆಲಸ ಮುಗಿಯಿತು. ಜರ್ಮನಿಯ ಡಾರ್ನಿಯರ್ ಡಿಒ 24, ಬ್ಲೋಮ್ ಉಂಡ್ ಫಾಸ್ ಬಿವಿ 138 ಎರಡಕ್ಕೂ ಮೂರು ಎಂಜಿನ್, ಎರಡಕ್ಕೂ ಜೋಡಿ ಬಾಲ. ಆದರೆ ಡಾರ್ನಿಯರ್‌ಗೆ ಇರುವುದು ಸ್ಪಾನ್ಸನ್. ಬಿವಿ 138ಕ್ಕೆ ರೆಕ್ಕೆಯ ಫ್ಲೋಟ್. ಬಿವಿಯ ನಡುವಿನ ಎಂಜಿನ್ ಉಳಿದೆರಡಕ್ಕಿಂತ ಎತ್ತರದಲ್ಲಿದ್ದು, ಬಾಲವನ್ನು ಎರಡು ತೊಲೆಗಳು ಹೊತ್ತಿರುತ್ತವೆ.

ಈ ನಿಯಮಕ್ಕೂ ತೊಡಕುಗಳಿವೆ. ಅಮೆರಿಕದ ಕ್ಯಾಟಲಿನಾ ಹಾರುವಾಗ ಅದರ ಫ್ಲೋಟ್‌ಗಳು ಮೇಲಕ್ಕೆ ಮಡಚಿಕೊಂಡು ರೆಕ್ಕೆಯ ತುದಿಯೇ ಆಗಿಬಿಡುತ್ತವೆ. ಆಕಾಶದಲ್ಲಿ ತೆಗೆದ ಚಿತ್ರದಲ್ಲಿ ಫ್ಲೋಟ್ ಕಾಣಲಿಲ್ಲವೆಂದು ಅದನ್ನು ನೆಲದ ವಿಮಾನವೆನ್ನಬಾರದು. ಒಡಲಿನ ಮೇಲೆ ಒಂದೇ ಕಂಬದಂಥ ಆಧಾರದ ಮೇಲೆ ಕೂತ ರೆಕ್ಕೆಯನ್ನು ನೋಡಬೇಕು. ಇಟಲಿಯ ಸವೋಯಾ-ಮಾರ್ಕೆಟ್ಟಿ ಎಸ್.55ಕ್ಕೆ ಎರಡು ಒಡಲುಗಳಿದ್ದುದರಿಂದ ಬೇರೆ ಆಸರೆ ಬೇಕಿರಲಿಲ್ಲ. ಚಾಲಕರು ಕೂರುತ್ತಿದ್ದದ್ದು ದಪ್ಪ ರೆಕ್ಕೆಯ ನಡುವೆ, ಎರಡು ಎಂಜಿನ್‌ಗಳು ಅವರ ತಲೆಯ ಮೇಲೆ ಒಂದರ ಹಿಂದೊಂದು. ಅದೇ ಮನೆತನದ ಎಸ್.66ಕ್ಕೆ ಮೂರು ಎಂಜಿನ್. ಇಲ್ಲಿ ಮಾತ್ರ ಎಂಜಿನ್ ಎಣಿಕೆಯೇ ತೀರ್ಪು ಕೊಡುತ್ತದೆ.

ಬಾಲವನ್ನಷ್ಟೇ ನಂಬುವುದು ಅಪಾಯ. ಬೋಯಿಂಗ್ 314ರ ಗುರುತು ಮೂರು ಬಾಲರೆಕ್ಕೆ ಎಂಬುದು ಪ್ರಸಿದ್ಧ. ಆದರೆ 1938ರ ಪರೀಕ್ಷಾ ಹಾರಾಟಗಳ ಕಾಲದಲ್ಲಿ ಅದಕ್ಕೆ ಮೊದಲು ಒಂದೇ ಇತ್ತು, ಬಳಿಕ ಎರಡಾಯಿತು, ದಿಕ್ಕಿನ ಹಿಡಿತ ಸಾಲದೆ ಕೊನೆಗೆ ಮೂರಾಯಿತು. ಒಂಟಿ ಬಾಲ, ನಾಲ್ಕು ಎಂಜಿನ್, ಸ್ಪಾನ್ಸನ್ ಕಂಡ ಮಾತ್ರಕ್ಕೆ ಮಾರ್ಟಿನ್ ಎಂ-130 ಎಂದು ಬರೆಯುವಂತಿಲ್ಲ.

ಚಿತ್ರದ ಕಾಲ ತಿಳಿಯಲು ಎಂಜಿನ್‌ನ ಮುಖ ನೋಡಬೇಕು. 1929ರಲ್ಲಿ ಹಾರಿದ ಡಾರ್ನಿಯರ್ ಡಿಒ ಎಕ್ಸ್‌ನ ರೆಕ್ಕೆಯ ಮೇಲೆ ಆರು ಜೋಡಿ, ಅಂದರೆ ಹನ್ನೆರಡು ಎಂಜಿನ್‌ಗಳಿದ್ದವು. ಪ್ರತಿ ಜೋಡಿಯಲ್ಲಿ ಮುಂದಿನದು ಎಳೆಯುತ್ತಿತ್ತು, ಹಿಂದಿನದು ತಳ್ಳುತ್ತಿತ್ತು. ಸುತ್ತಲೂ ಸಿಲಿಂಡರ್ ಹರಡಿದ, ಗಾಳಿಯಿಂದ ತಣಿಯುವ ಜುಪಿಟರ್ ಎಂಜಿನ್ ಕಂಡರೆ ಅದು ಆರಂಭದ ರೂಪ. ಹಿಂದಿನ ಎಂಜಿನ್‌ಗಳು ವಿಪರೀತ ಕಾಯುತ್ತಿದ್ದುದರಿಂದ 1930ರಲ್ಲಿ ನೀರಿನಿಂದ ತಣಿಯುವ ಕರ್ಟಿಸ್ ಎಂಜಿನ್ ಹಾಕಿದರು. ಇಟಲಿಗೆ ಕಟ್ಟಿಕೊಟ್ಟ ಇನ್ನೆರಡರಲ್ಲಿ ಇದ್ದದ್ದೂ ನೀರಿನಿಂದ ತಣಿಯುವ ಫಿಯಟ್ ಎಂಜಿನ್. ಆದ್ದರಿಂದ ನೋಂದಣಿ ಗುರುತನ್ನೂ ಓದಬೇಕು. ಡಿ ಅಕ್ಷರದ ನಂತರ ಅಂಕಿಗಳಿದ್ದರೆ ಜರ್ಮನಿಯ ಹಳೆಯ ಪದ್ಧತಿ. 1934ರಿಂದ ಅಂಕಿಗಳ ಜಾಗಕ್ಕೆ ಅಕ್ಷರಗಳು ಬಂದವು.

ಒಂಬತ್ತು ರೆಕ್ಕೆಗಳ ಕಪ್ರೋನಿ ಸಿಎ.60ರ ವಿಷಯದಲ್ಲಿ ಇಷ್ಟೆಲ್ಲ ಬೇಕಿಲ್ಲ. ಅಂಥದ್ದು ಇನ್ನೊಂದಿಲ್ಲ. 1921ರ ಮಾರ್ಚ್ 4ರಂದು, ಎರಡನೇ ಹಾರಾಟದಲ್ಲೇ, ಅದು ಮಜ್ಜೋರೆ ಸರೋವರಕ್ಕೆ ಬಿತ್ತು. ಅದು ನೂರು ಜನರನ್ನು ಹೊತ್ತು ಸಾಗರ ದಾಟುತ್ತಿತ್ತು ಎಂಬ ಅಡಿಬರಹ ಶುದ್ಧ ಸುಳ್ಳು. ಉದ್ದೇಶ ಅದಾಗಿತ್ತು, ಅಷ್ಟೇ.

ಇನ್ನೊಂದು ಎಚ್ಚರ, ಎಡಬಲ ತಿರುಗಿ ಅಚ್ಚಾಗುವ ಚಿತ್ರಗಳ ಬಗ್ಗೆ. ನೆಲದ ವಿಮಾನವಾದ ಬಿವಿ 141ರ ಚಾಲಕರ ಕೋಣೆ ಬಲಕ್ಕೆ, ಎಂಜಿನ್ ಹೊತ್ತ ಉದ್ದನೆಯ ಒಡಲು ಎಡಕ್ಕೆ. ಅದರ ಬಿ ಮಾದರಿಯಲ್ಲಿ ಅಡ್ಡಬಾಲವೂ ಬಹುಮಟ್ಟಿಗೆ ಎಡಕ್ಕೇ ಚಾಚಿದೆ. ಹಿಂದೆ ಕೂತ ಬಂದೂಕುಗಾರನ ಗುರಿಗೆ ಅಡ್ಡಿಯಾಗದಿರಲೆಂದು ಹಾಗೆ ಮಾಡಿದರು. ಚಾಲಕನ ಕಡೆಯಿಂದ ಎಣಿಸಿದಾಗ ಕೋಣೆ ಎಡಕ್ಕೆ ಬಂದರೆ ನೆಗೆಟಿವ್ ತಿರುಗಿದೆ ಎಂದೇ ಅರ್ಥ.

ತಮ್ಮಲ್ಲಿ ವಿನಂತಿ ಇಷ್ಟು: ಚಿತ್ರವನ್ನು ರೆಕ್ಕೆ, ಬಾಲ, ನೀರಿನ ಗೆರೆ ಮೂರೂ ಕಾಣುವಂತೆ ಪೂರ್ತಿ ಅಚ್ಚುಹಾಕಿ. ಮೂಲ ಚಿತ್ರದ ಹಿಂಬದಿಯಲ್ಲಿ ಬರೆದ ಊರು, ವರ್ಷವನ್ನು ಇದ್ದಂತೆಯೇ ಕೊಡಿ. ಹೆಸರು ಖಚಿತವಿಲ್ಲದಿದ್ದರೆ ‘ಮೂರು ಎಂಜಿನ್‌ಗಳ ಹಾರುವ ದೋಣಿ’ ಎಂದಷ್ಟೇ ಬರೆದರೂ ಸಾಕು.

ಇತಿ,
ಹಳೆಯ ವಿಮಾನಗಳ ಅಭ್ಯಾಸಿಗಳು