ಸೈಕಲ್ ಅಂಗಡಿಗೆ ಹೋಗುವ ಮುಂಚೆ

ರೋಡ್ ಬೈಕ್ (ಟಾರು ರಸ್ತೆಯಲ್ಲಿ ವೇಗವಾಗಿ ಓಡಿಸುವ ಸಣ್ಣ ಟೈರಿನ ಸೈಕಲ್) ಕೊಳ್ಳಲು ಮೈಸೂರಿನಲ್ಲಿ ಯಾವ ಅಂಗಡಿ ಅಂತ ಹೊಸಬರು ಕೇಳುತ್ತಿದ್ದೀರಿ. ನಾನು ಮೊದಲು ಹೋದ ಕಡೆ ಪ್ರಶ್ನೆ ಕೇಳಿದ್ದು ನಾನು, ಅಂಗಡಿಯವರು ಉತ್ತರ ಕೊಟ್ಟಿದ್ದು ಜೊತೆಗಿದ್ದ ತಮ್ಮನಿಗೆ. ತುಂಬಾ ಬೇಜಾರಾಗಿ ಎದ್ದು ಬಂದೆ. ಅಂಥ ಕಡೆ ನಿಲ್ಲಬೇಡಿ. ಒಳ್ಳೆಯವರು ನಿಮ್ಮ ಎತ್ತರ, ಕಾಲಿನ ಉದ್ದ ನೋಡಿಯೇ ಫ್ರೇಮ್ ತೋರಿಸುತ್ತಾರೆ, ಓಡಿಸಿ ನೋಡಲು ಬಿಡುತ್ತಾರೆ. ಬ್ರೇಕ್ ಲಿವರ್ ಬೆರಳಿಗೆ ದೂರ ಅನಿಸಿದರೆ ಹೇಳಿ. ಎಷ್ಟೋ ಲಿವರ್‌ಗಳನ್ನು ಸ್ಕ್ರೂ ತಿರುಗಿಸಿ ಹತ್ತಿರ ತರಬಹುದು. ಸೀಟು ನೋಯಿಸಿದರೆ ಸುಮ್ನೆ ಸಹಿಸಬೇಡಿ. ಮೆತ್ತಗಿರುವುದಕ್ಕಿಂತ ಅಗಲ ಸರಿಯಿರುವುದು ಮುಖ್ಯ. ಚಾಮುಂಡಿ ಬೆಟ್ಟ ಹತ್ತುವ ಆಸೆ ಎಲ್ಲರಿಗೂ ಇದೆ ಅಲ್ವಾ? ಹಾಗಾದರೆ ಹಿಂದಿನ ಚಕ್ರದ ಗೇರ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು ಅಂತ ಕೇಳಿ. 25ಕ್ಕಿಂತ 32 ಇದ್ದರೆ ಮಂಡಿಗೆ ಹಗುರ.

ಒಬ್ಬರೇ ಹೋಗಲು ಸಂಕೋಚವಾದರೆ ಇಲ್ಲೇ ಬರೆಯಿರಿ. ಶನಿವಾರ ಸಂಜೆ ನಾನೂ ಬರುತ್ತೇನೆ.