ಇನ್ನೊಬ್ಬರ ಮೃದಂಗ, ತಬಲಾ ಮುಟ್ಟುವ ಮುನ್ನ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಶಾಲೆಯಲ್ಲಿ ಮೃದಂಗ ಮತ್ತು ತಬಲಾ ತರಗತಿಗಳು ನಡೆಯುತ್ತಿರುವುದು ನಿಮಗೆ ಗೊತ್ತೇ ಇದೆ. ಶಾಲೆಯ ವಾದ್ಯಗಳ ಜೊತೆಗೆ ಕೆಲವು ಮಕ್ಕಳು ಸ್ವಂತ ವಾದ್ಯ ತರುತ್ತಾರೆ, ಶಿಕ್ಷಕರು ತಾವು ಸಂಗೀತ ಕಚೇರಿಗೆ ನುಡಿಸುವ ವಾದ್ಯ ತರುತ್ತಾರೆ, ವಾರ್ಷಿಕೋತ್ಸವಕ್ಕೆ ಹೊರಗಿನ ಕಲಾವಿದರೂ ಬರಲಿದ್ದಾರೆ. ಇನ್ನೊಬ್ಬರ ವಾದ್ಯದ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಸಂಗೀತ ಶಿಕ್ಷಕರ ಜೊತೆ ಕೂತು ಬರೆದಿದ್ದೇವೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಶಾಲೆಯ ನಿಯಮ ಒಂದೇ. ವಾದ್ಯ ಯಾರದೋ ಅವರನ್ನು ಕೇಳದೆ ಮುಟ್ಟಬಾರದು. “ಒಂದು ಸಲ ತಟ್ಟಿದರೆ ಏನಾಗುತ್ತೆ ಮಿಸ್?” ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ವಾದ್ಯವನ್ನು ಹತ್ತಿರದಿಂದ ನೋಡಬೇಕು.

ಮೃದಂಗದ ಬಲಮುಚ್ಚಿಗೆಯ, ಅಂದರೆ ಬಲಬದಿಯ ಚರ್ಮದ ಹೊದಿಕೆಯ, ನಡುವೆ ಕಪ್ಪಗೆ ದುಂಡಗೆ ಕಾಣುವುದು ಕರಣೆ. ತಬಲಾದಲ್ಲಿ ಅದನ್ನೇ ಶಾಹಿ ಎನ್ನುತ್ತಾರೆ. ಅದು ಬಳಿದ ಬಣ್ಣವಲ್ಲ. ಮೃದಂಗದ ಕರಣೆಗೆ ಕಿಟ್ಟದ ಕಲ್ಲಿನ ನುಣ್ಣನೆಯ ಪುಡಿಯನ್ನು ಅನ್ನದ ಜೊತೆ ಅರೆದು, ಒಂದು ತೆಳು ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ ಒಣಗಿಸಿ, ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ ಎಂದು ಏರಿಸುತ್ತಾ ಹೋಗುತ್ತಾರೆ. ಉಜ್ಜುವಾಗ ಮೇಲ್ಮೈ ತುಂಬ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಆ ಬಿರುಕುಗಳು ಇರುವುದರಿಂದಲೇ ಕರಣೆ ಚರ್ಮದ ಜೊತೆ ಬಾಗಿ ಕಂಪಿಸುತ್ತದೆ. ಬರಿಯ ಚರ್ಮದ ಡೋಲಿಗೆ ಸದ್ದು ಇರುತ್ತದೆ, ಸ್ಪಷ್ಟ ಸ್ವರ ಇರುವುದಿಲ್ಲ. ನಡುವಿನ ಈ ಭಾರವೇ ನಮ್ಮ ವಾದ್ಯಗಳಿಗೆ ಸ್ವರ ಕೊಡುವುದು. ಸರ್ ಸಿ. ವಿ. ರಾಮನ್ ಇದರ ಬಗ್ಗೆ 1920ರಲ್ಲೇ ಬರೆದರು, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ವಿವರವಾದ ಪ್ರಬಂಧ ಪ್ರಕಟಿಸಿದರು. ಎಂಟನೇ ತರಗತಿ ಮೇಲಿನವರಿಗೆ ವಿಜ್ಞಾನ ಶಿಕ್ಷಕರು ಇದನ್ನು ತೋರಿಸಿಕೊಡಲಿದ್ದಾರೆ.

ಅನ್ನದ ಅಂಟು ನೀರಿಗೆ ಕರಗುತ್ತದೆ. ಬೆವರಿದ ಕೈ, ಈಗಷ್ಟೇ ಹಚ್ಚಿಕೊಂಡ ಸ್ಯಾನಿಟೈಸರ್, ಬಾಟಲಿಯಿಂದ ತೊಟ್ಟಿಕ್ಕಿದ ನೀರು ಎಲ್ಲವೂ ಅದಕ್ಕೆ ಶತ್ರು. ತಿಂಡಿ ತಿಂದ ಕೈಯ ಎಣ್ಣೆ ಚರ್ಮಕ್ಕೆ ಇಳಿದರೆ ಒರೆಸಿದರೂ ಹೋಗುವುದಿಲ್ಲ. ಉಂಗುರ, ಬಳೆ, ಉದ್ದ ಉಗುರು ತಾಗಿದ ಕಡೆ ಕರಣೆಯ ಚೂರು ಏಳುತ್ತದೆ. ಒಂದು ಚೂರು ಎದ್ದರೆ ಪಕ್ಕದ್ದೂ ಸಡಿಲವಾಗಿ, ನಾದದ ಜೊತೆ “ಜರ್ರ್” ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಆಮೇಲೆ ಕರಣೆ ತೆಗೆದು ಹೊಸದಾಗಿ ಹಾಕಿಸಬೇಕು, ಇಲ್ಲವೇ ಮುಚ್ಚಿಗೆಯನ್ನೇ ಬದಲಿಸಬೇಕು. ಖರ್ಚು ಒಂದು ಕಡೆ ಇರಲಿ, ಹೊಸ ಮುಚ್ಚಿಗೆ ಕೈಗೆ ಒಗ್ಗಿ ಬರುವುದಕ್ಕೇ ವಾರಗಟ್ಟಲೆ ಬೇಕು.

ಇನ್ನು ಶ್ರುತಿ. ಕಚೇರಿಗೆ ಮುಂಚೆ ಕಲಾವಿದರು ಬಲಮುಚ್ಚಿಗೆಯನ್ನು ಹಾಡುವವರ ಆಧಾರ ಷಡ್ಜಕ್ಕೆ (ಅವರ ‘ಸ’ ಸ್ವರಕ್ಕೆ) ಕೂಡಿಸುತ್ತಾರೆ. ಅಂಚಿನಲ್ಲಿ ಜಡೆಯಂತೆ ಹೆಣೆದ ಚರ್ಮದ ಸುತ್ತ 16 ಕಡೆ ಬಾರು ಹಾದುಹೋಗಿರುತ್ತದೆ. ಮರದ ಗೂಟವನ್ನು ಹೆಣಿಗೆಗೆ ಆನಿಸಿ ಕಲ್ಲಿನಿಂದ ಮೇಲಿಂದ ಕೆಳಕ್ಕೆ ಪೆಟ್ಟು ಕೊಟ್ಟರೆ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಕೊಟ್ಟರೆ ಇಳಿಯುತ್ತದೆ. ಒಂದು ಕಡೆ ಬಡಿದರೆ ಎದುರು ಕಡೆಯೂ ಸರಿ ಮಾಡಬೇಕು. ಹದಿನಾರೂ ಕಡೆ ಒಂದೇ ಸ್ವರ ಬರುವ ತನಕ ಸುತ್ತುತ್ತಲೇ ಇರಬೇಕು. ಈ ಕೆಲಸ ಮುಗಿಸಿ ವೇದಿಕೆಯಲ್ಲಿ ಇಟ್ಟ ವಾದ್ಯವನ್ನು ಒಬ್ಬ ಹುಡುಗ ಬಂದು ಜೋರಾಗಿ ಬಾರಿಸಿದರೆ, ಇಲ್ಲವೇ ಬಾರು ಹಿಡಿದು ಎತ್ತಿದರೆ, ಅದು ಕದಲುತ್ತದೆ. ಕಲಾವಿದರಿಗೆ ಅದು ಗೊತ್ತಾಗುವುದು ಹಾಡು ಶುರುವಾದ ಮೇಲೆ. ಆದ್ದರಿಂದ ವೇದಿಕೆಯ ಮೇಲೆ ಸಿದ್ಧವಾಗಿರುವ ವಾದ್ಯವನ್ನು ಮುಟ್ಟಲು ಕೇಳುವುದೂ ಬೇಡ. ಶ್ರುತಿ ಮಾಡುತ್ತಿರುವವರ ಹತ್ತಿರ ಮಾತಾಡುವುದು, ಪಕ್ಕದಲ್ಲಿ ಇನ್ನೊಂದು ವಾದ್ಯ ತಟ್ಟುವುದು ಕೂಡ ಬೇಡ. ಅವರಿಗೆ ತಂಬೂರಿ ಕೇಳಿಸಬೇಕು.

ಮುಟ್ಟಲು ಅನುಮತಿ ಕೇಳುವುದಕ್ಕೆ ಸರಿಯಾದ ಹೊತ್ತು ಕಾರ್ಯಕ್ರಮ ಮುಗಿದು, ಅವರು ನೀರು ಕುಡಿದು, ಸ್ವಲ್ಪ ಸುಧಾರಿಸಿಕೊಂಡ ಮೇಲೆ. ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡೇ ಕೇಳಲಿ: “ಸರ್, ನಿಮ್ಮ ಮೃದಂಗ ಒಂದು ಸಲ ಮುಟ್ಟಿ ನೋಡಬಹುದಾ?” ಒಂದು ಕೈ ಆಗಲೇ ಮುಚ್ಚಿಗೆ ಮೇಲಿಟ್ಟುಕೊಂಡು ಕೇಳುವುದು ಕೇಳಿದಂತೆ ಆಗುವುದಿಲ್ಲ. ಮುಟ್ಟಲು ಒಪ್ಪಿದರೆ ಮುಟ್ಟುವುದಕ್ಕೆ ಮಾತ್ರ ಒಪ್ಪಿಗೆ; ನುಡಿಸಲು ಇನ್ನೊಮ್ಮೆ ಕೇಳಬೇಕು. ಫೋಟೋಗೂ ಹಾಗೆಯೇ. ಪುಟ್ಟ ಮಕ್ಕಳನ್ನು ತಬಲಾ ಪಕ್ಕದಲ್ಲಿ ಕೂರಿಸಿ ಫೋಟೋ ತೆಗೆಯುವ ಆಸೆ ನಮಗೂ ಅರ್ಥವಾಗುತ್ತದೆ, ಆದರೆ ಮೊದಲು ಕೇಳಿ.

“ಸರಿ, ನುಡಿಸು ಮಗು” ಎಂದರೆ ಕೈ ತೊಳೆದು, ಪೂರ್ತಿ ಒಣಗಿಸಿ, ಉಂಗುರ, ಬಳೆ, ವಾಚು ತೆಗೆದು, ನೆಲದ ಮೇಲೆ ಕೂತು ನುಡಿಸಬೇಕು. ನಿಂತು ಬಗ್ಗಿ ಬಾರಿಸುವ ವಾದ್ಯಗಳಲ್ಲ ಇವು. ಎರಡು ಮೂರು ಪಾಟಾಕ್ಷರ (ತ, ಧಿ, ತೊಂ, ನಂ ಎಂಬಂಥ ನುಡಿ) ಮೆಲ್ಲಗೆ ನುಡಿಸಿ ಕೈ ತೆಗೆದರೆ ಚೆಂದ. ಕಲಿತದ್ದನ್ನೆಲ್ಲ ಅಲ್ಲೇ ಒಪ್ಪಿಸಬೇಕಾಗಿಲ್ಲ. ತಬಲಾ ನುಡಿಸುವವರು ಕೈಗೆ ಪೌಡರ್ ಹಾಕಿಕೊಳ್ಳುತ್ತಾರೆ, ಆದರೆ ಅವರ ತಬಲಾಗೆ ನಾವು ಪೌಡರ್ ಸುರಿಯಬಾರದು, ಅದು ಶಾಹಿಯ ಬಿರುಕಿಗೆ ಇಳಿದು ಕೂರುತ್ತದೆ. ಎಡಗೈ ಅಭ್ಯಾಸದ ಮಕ್ಕಳು ಮೃದಂಗವನ್ನು ತಾವಾಗಿಯೇ ತಿರುಗಿಸದೆ, ತಿರುಗಿಸಿ ಇಟ್ಟುಕೊಳ್ಳಬಹುದೇ ಎಂದು ಕೇಳಲಿ. ಶ್ರುತಿ ಕಮ್ಮಿ ಎನಿಸಿದರೂ ಕಲ್ಲು, ಸುತ್ತಿಗೆ ಮುಟ್ಟುವಂತಿಲ್ಲ. ಗೂಟ ಒಂದು ಸಲ ಜಾರಿ ಚರ್ಮದ ಮೇಲೆ ಬಿದ್ದರೆ ಮುಚ್ಚಿಗೆ ಅಲ್ಲಿಗೆ ಮುಗಿಯಿತು. ಏನಾದರೂ ಚೂರು ಎದ್ದರೆ, ಗೀರು ಬಿದ್ದರೆ ಆಗಲೇ ಹೇಳಿಬಿಡಬೇಕು. ಹೇಳಿದ ಮಗುವನ್ನು ಶಾಲೆ ಶಿಕ್ಷಿಸುವುದಿಲ್ಲ, ನೀವೂ ಬೈಯಬೇಡಿ.

“ಬೇಡ” ಎಂದರೆ “ಪರವಾಗಿಲ್ಲ ಸರ್” ಎಂದು ಬಂದುಬಿಡಬೇಕು. ಇಲ್ಲಿ ನಿಮ್ಮಲ್ಲೂ ಒಂದು ವಿನಂತಿ. “ಚಿಕ್ಕ ಮಗು ಅಲ್ವಾ ಸರ್, ಒಂದು ಸಲ ಬಿಡಿ” ಎಂದು ದೊಡ್ಡವರು ಒತ್ತಾಯ ಮಾಡಿದಾಗ ಕಲಾವಿದರು ಮುಲಾಜಿಗೆ ಒಪ್ಪಿಬಿಡುತ್ತಾರೆ. ಮಗು ಅದರಿಂದ ಕಲಿಯುವುದು, ಬೇಡ ಎಂಬ ಮಾತಿಗೆ ಬೆಲೆ ಇಲ್ಲ ಎಂದು. ಇದೇ ನಿಯಮ ಶಿಕ್ಷಕರಿಗೂ ಅನ್ವಯಿಸುತ್ತದೆ. ವಿದ್ಯಾರ್ಥಿಯ ಸ್ವಂತ ಮೃದಂಗ ತೆಗೆದುಕೊಂಡು ಪಾಠ ತೋರಿಸುವ ಮುನ್ನ ನಮ್ಮ ಶಿಕ್ಷಕರು ಆ ವಿದ್ಯಾರ್ಥಿಯನ್ನು ಕೇಳುತ್ತಾರೆ.

ಒಂದು ಮಾತನ್ನು ಒತ್ತಿ ಹೇಳಬೇಕು. “ಮುಟ್ಟಬೇಡ” ಎಂಬ ಪದಕ್ಕೆ ನಮ್ಮ ನೆಲದಲ್ಲಿ ಹಳೆಯ ಗಾಯವಿದೆ. ಚರ್ಮ ಹದ ಮಾಡಿ, ಮುಚ್ಚಿಗೆ ಕೂಡಿಸಿ, ಬಾರು ಎಳೆದು ಈ ವಾದ್ಯಗಳನ್ನು ಕಟ್ಟಿದ ಕೈಗಳನ್ನೇ ದೂರ ಇಟ್ಟ ಸಮಾಜ ನಮ್ಮದು. ನಮ್ಮ ಶಾಲೆಯಲ್ಲಿ ಯಾವ ಮಗುವಿಗೂ ಜಾತಿ, ಧರ್ಮ, ಹುಡುಗಿ ಎಂಬ ಕಾರಣಕ್ಕೆ, ತಿಂಗಳ ದಿನಗಳ ಕಾರಣಕ್ಕೆ ವಾದ್ಯ ಮುಟ್ಟಬೇಡ ಎಂದು ಯಾರೂ ಹೇಳುವಂತಿಲ್ಲ. ಹಾಗೆ ಯಾರಾದರೂ ಹೇಳಿದರೆ ನೇರವಾಗಿ ನನ್ನ ಕೊಠಡಿಗೆ ಬನ್ನಿ. ಮೃದಂಗ, ಘಟ (ಮಣ್ಣಿನ ಮಡಕೆಯ ವಾದ್ಯ) ಹೆಣ್ಣುಮಕ್ಕಳಿಗಲ್ಲ ಎನ್ನುವವರಿಗೆ ಬೆಂಗಳೂರಿನ ವಿದುಷಿ ಸುಕನ್ಯಾ ರಾಮಗೋಪಾಲ್ ಅವರ ಘಟವಾದನ ಕೇಳಿಸಿ. ವಾದ್ಯ ದಾಟಬಾರದು, ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು ಎಂಬ ರೂಢಿಯನ್ನು ತರಗತಿಯಲ್ಲಿ ಹೇಳಿಕೊಡುತ್ತೇವೆ. ದಾಟದಿರುವುದು ಎಲ್ಲರಿಗೂ ಕಡ್ಡಾಯ. ಕಣ್ಣಿಗೆ ಒತ್ತಿಕೊಳ್ಳುವುದು ಅವರವರ ಮನೆಯ ನಂಬಿಕೆಗೆ ಬಿಟ್ಟದ್ದು.

ಮನೆಗೆ ವಾದ್ಯ ಒಯ್ಯುವ ಮಕ್ಕಳ ಪೋಷಕರಿಗೆ ಕೆಲವು ಸೂಚನೆ. ಮೃದಂಗವನ್ನು ಎರಡೂ ತೋಳಲ್ಲಿ ಮಗುವಿನಂತೆ ಎತ್ತಿ. ತಬಲಾದ ಬುಡಕ್ಕೆ ಒಂದು ಕೈ ಇರಲಿ, ಗಜರಾ (ಅಂಚಿನ ಹೆಣಿಗೆ) ಅಥವಾ ವಾದಿ (ಚರ್ಮದ ಬಾರು) ಹಿಡಿದು ಎತ್ತಿದರೆ ಗಟ್ಟಾ (ಬಾರಿನಡಿಯ ಮರದ ತುಂಡು) ಜರುಗುತ್ತದೆ. ಇಡುವಾಗ ತಬಲಾ ಸಿಂಬಿಯ (ಬಟ್ಟೆಯ ಬಳೆಯ) ಮೇಲೆ, ಮೃದಂಗ ಉರುಳದಂತೆ ಬಟ್ಟೆಯ ಒತ್ತು ಕೊಟ್ಟು. ಮೇಲೆ ಪುಸ್ತಕ, ಮೊಬೈಲು, ಟಿಫಿನ್ ಡಬ್ಬಿ ಯಾವುದೂ ಬೇಡ. ಬೇಸಿಗೆಯಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗೆ ಬಿಟ್ಟರೆ ಚರ್ಮ ಬಿಗಿದು ಸೀಳಬಹುದು; ಮಳೆಗಾಲದ ಥಂಡಿಗೆ ಸಡಿಲವಾಗುತ್ತದೆ, ಆಗ ಒಲೆಯ ಹತ್ತಿರ ಹಿಡಿದು ಕಾಯಿಸಬೇಡಿ, ಶಿಕ್ಷಕರಿಗೆ ತಂದು ತೋರಿಸಿ. ಆಯುಧಪೂಜೆಯಲ್ಲಿ ಅರಿಶಿನ ಕುಂಕುಮವನ್ನು ಮರದ ಮೈಗೆ ಮಾತ್ರ ಹಚ್ಚಿ. ಕಲಸಿದ ಕುಂಕುಮ ಕರಣೆಯ ಮೇಲೆ ಬಿದ್ದರೆ ಆ ಜಾಗ ಮೆತ್ತಗಾಗುತ್ತದೆ.

ಮೃದಂಗದ ಎಡಮುಚ್ಚಿಗೆಗೆ ಹಚ್ಚುವ ರವೆಯ ವಿಷಯದಲ್ಲಿ ತಪ್ಪು ಹೆಚ್ಚು. ಎರಡು ಚಮಚ ಸಣ್ಣ ರವೆಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಬೆರಳಿಗೆ ಅಂಟದ ಹಾಗೆ ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಮುಚ್ಚಿಗೆಯ ನಡುವೆ ನೀರು ಸವರಿ, ಉಂಡೆಯನ್ನು ಒತ್ತಿ ದುಂಡಗೆ ಹರಡಬೇಕು. ಹೆಚ್ಚಿಸಿದರೆ ನಾದ ತಗ್ಗುತ್ತದೆ, ತೆಗೆದರೆ ಏರುತ್ತದೆ. ಅಭ್ಯಾಸ ಮುಗಿದ ತಕ್ಷಣ ಪೂರ್ತಿ ತೆಗೆದು ಒರೆಸಬೇಕು. ಬಿಟ್ಟರೆ ಒಣಗಿ ಚರ್ಮವನ್ನು ಎಳೆಯುತ್ತದೆ, ರಾತ್ರಿ ಇರುವೆ, ಜಿರಲೆ ಬರುತ್ತವೆ. ಇನ್ನೊಬ್ಬರ ಮೃದಂಗದಲ್ಲಿ ರವೆ ಇದ್ದರೆ ಅದನ್ನು ಅವರೇ ತೆಗೆಯಬೇಕು. ಖಂಜಿರದ (ಒಂದೇ ಮುಖದ ಸಣ್ಣ ಕೈವಾದ್ಯದ) ಒಳಗೆ ನೀರು ಸವರಿದ್ದರೆ ಅದೂ ನಾದ ತಗ್ಗಿಸಲು ಬೇಕೆಂದೇ ಮಾಡಿದ್ದು, ಉಪಕಾರವೆಂದು ಒರೆಸಬೇಡಿ. ಘಟ ಒಡೆದರೆ ರಿಪೇರಿ ಇಲ್ಲ. ಅದೇ ಶ್ರುತಿಯ ಇನ್ನೊಂದು ಘಟ ಹುಡುಕಬೇಕು, ಅಷ್ಟೇ.

ವಾರ್ಷಿಕೋತ್ಸವದ ದಿನ ಕಲಾವಿದರ ವಾದ್ಯಗಳ ಹತ್ತಿರ ಒಬ್ಬ ಶಿಕ್ಷಕರು ಇರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಎರಡು ಮೃದಂಗ ಮತ್ತು ಒಂದು ಜೋಡಿ ತಬಲಾವನ್ನು ಸಂಗೀತ ಕೊಠಡಿಯಲ್ಲಿ ಇಡುತ್ತೇವೆ. ನುಡಿಸಿ ನೋಡುವ ಆಸೆ ಇರುವ ಯಾವ ಮಗುವಾದರೂ, ಅಪ್ಪ ಅಮ್ಮನೂ, ಕೈ ತೊಳೆದುಕೊಂಡು ಬರಬಹುದು. ಟವೆಲು ಬಾಗಿಲ ಪಕ್ಕದಲ್ಲೇ ಇರುತ್ತದೆ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ